ಸಾಂಬ್ರಾ: ಯುದ್ಧ ಹಾಕಿದ ರನ್‌ವೇ, ನಾಡು ಬೆಳೆಸಿದ ನಿಲ್ದಾಣ

ಬೆಳಗಾವಿ ನಗರದಿಂದ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಬಾಗಲಕೋಟೆಯತ್ತ ಸಾಗುವ ರಸ್ತೆಯ ಮಗ್ಗುಲಲ್ಲಿರುವ ಸಾಂಬ್ರಾ ವಿಮಾನ ನಿಲ್ದಾಣವು ಉತ್ತರ ಕರ್ನಾಟಕದ ಅತ್ಯಂತ ಹಳೆಯ ವಿಮಾನ ನಿಲ್ದಾಣವಾಗಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತನ್ನ ಅಗತ್ಯಕ್ಕಾಗಿ ಕಟ್ಟಿಸಿದ ಈ ವಿಮಾನ ಕ್ಷೇತ್ರವು 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಗೆ ನೆಲೆಯಾಯಿತು. ಮುಂದೆ ಭಾರತೀಯ ವಾಯುಪಡೆಯ ತರಬೇತಿ ಶಾಲೆಗೆ ಆಶ್ರಯ ಕೊಟ್ಟಿತು. ಇಂದು ಬೆಳಗಾವಿ ಸೀಮೆಯ ವ್ಯಾಪಾರಿ, ವಿದ್ಯಾರ್ಥಿ, ರೋಗಿ, ಉದ್ಯಮಿಗಳೆಲ್ಲರೂ ಬಳಸುವ ಪ್ರಾದೇಶಿಕ ನಿಲ್ದಾಣವಾಗಿ ಬೆಳೆದಿದೆ. ಇಂಥ ನಿಲ್ದಾಣಗಳ ಚರಿತ್ರೆಯನ್ನು ಮೊದಲು ಸೇನೆಯ ಕಾಲ, ಅನಂತರ ಜನರ ಕಾಲ ಎಂದು ಎರಡು ಭಾಗ ಮಾಡಿ ಬರೆಯುವ ರೂಢಿಯುಂಟು. ಸಾಂಬ್ರಾದ ಮಟ್ಟಿಗೆ ಆ ವಿಭಜನೆ ಹೊಂದುವುದಿಲ್ಲ, ಏಕೆಂದರೆ ಸೇನೆ ಇಲ್ಲಿಂದ ಹೊರಟುಹೋಗಲೇ ಇಲ್ಲ, ಮತ್ತು ಯುದ್ಧದ ಅವಸರದಲ್ಲಿ ಆಯ್ದ ಜಾಗ ಹಾಗೂ ಹಾಕಿದ ರನ್‌ವೇ ಇಂದಿನ ನಾಗರಿಕ ನಿಲ್ದಾಣದ ಶಕ್ತಿಯನ್ನೂ ಮಿತಿಯನ್ನೂ ಈಗಲೂ ನಿರ್ಣಯಿಸುತ್ತಿವೆ. ಈ ಎರಡು ಧಾರೆಗಳು ಒಂದೇ ನೆಲದ ಮೇಲೆ ಎಂಟು ದಶಕಗಳಿಂದ ಹೇಗೆ ಕೂಡಿ ನಡೆದಿವೆ ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ದಂಡಿನ ಊರು

ಸಾಂಬ್ರಾದಲ್ಲಿ ವಿಮಾನ ಕ್ಷೇತ್ರ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಬೆಳಗಾವಿಯ ಸೈನಿಕ ಹಿನ್ನೆಲೆಯನ್ನು ಮೊದಲು ನೋಡಬೇಕಾಗುತ್ತದೆ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಬೆಳಗಾವಿಯ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ, ಊರಿನ ಪಶ್ಚಿಮಕ್ಕೆ ಸೈನಿಕರ ವಸತಿ, ಕವಾಯತು ಮೈದಾನ, ಆಸ್ಪತ್ರೆ, ಚರ್ಚುಗಳನ್ನು ಒಳಗೊಂಡ ದಂಡು ಪ್ರದೇಶ ಬೆಳೆಯಿತು. ಬೆಳಗಾವಿಯ ಜನ ಅದನ್ನು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಸಹ್ಯಾದ್ರಿಯ ಅಂಚಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದ ಊರಿನ ತಂಪು ಹವೆ ಯುರೋಪಿಯನ್ ಪಡೆಗಳಿಗೆ ಒಗ್ಗಿದ್ದು ಒಂದು ಕಾರಣವಾದರೆ, ಮುಂಬಯಿ ಪ್ರಾಂತದ ದಕ್ಷಿಣ ತುದಿಯನ್ನೂ ಗೋವಾದ ಗಡಿಯನ್ನೂ ಒಟ್ಟಿಗೆ ಕಾಯಲು ಅನುಕೂಲವಾದ ಸ್ಥಾನ ಅದಾಗಿದ್ದುದು ಇನ್ನೊಂದು ಕಾರಣ. 1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಇಲ್ಲಿ ನೆಲೆಯೂರಿತು. ಅದು ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಾಗಿ ಈಗಲೂ ಮುಂದುವರಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ಕೂಡ ಬೆಳಗಾವಿಯಲ್ಲಿ ನಡೆಯುತ್ತಿತ್ತು.

ಇದರ ಜೊತೆಗೆ ರೈಲು ಸಂಪರ್ಕವಿತ್ತು. ಪುಣೆ, ಮೀರಜ್ ಕಡೆಯಿಂದ ಬರುವ ಮೀಟರ್ ಗೇಜ್ ಹಳಿ ಬೆಳಗಾವಿಯನ್ನು ಹಾದು ಲೋಂಡಾ ಸೇರುತ್ತಿತ್ತು; ಲೋಂಡಾದಿಂದ ಒಂದು ಕವಲು ಧಾರವಾಡ, ಹುಬ್ಬಳ್ಳಿಗಳ ಕಡೆಗೂ ಇನ್ನೊಂದು ಕವಲು ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವಾದ ಮುರ್ಮುಗೋವಾ ಬಂದರಿಗೂ ಹೋಗುತ್ತಿದ್ದವು. ಸೈನಿಕರು, ರೈಲು, ಬಯಲು ನೆಲ ಮೂರೂ ಕೂಡಿಬಂದ ಇಂಥ ಊರಿನ ಮೇಲೆ ಯುದ್ಧಕಾಲದ ಯೋಜಕರ ಕಣ್ಣು ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

1942ರ ಅವಸರ

1942ರ ಮೊದಲ ನಾಲ್ಕು ತಿಂಗಳುಗಳು ಭಾರತದ ರಕ್ಷಣೆಯ ಬಗೆಗಿನ ಹಳೆಯ ಎಣಿಕೆಗಳನ್ನೆಲ್ಲ ಬುಡಮೇಲು ಮಾಡಿದವು. ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಮಾರ್ಚ್ 8ರಂದು ರಂಗೂನ್ ಬಿತ್ತು. ಅದೇ ತಿಂಗಳ 23ರಂದು ಅಂಡಮಾನ್ ದ್ವೀಪಗಳು ಜಪಾನಿನ ಕೈಸೇರಿದವು. ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಟ್ರಿಂಕೋಮಲಿ ಬಂದರುಗಳ ಮೇಲೆ ಬಾಂಬು ಬಿದ್ದವು. ಅದುವರೆಗೆ ವಾಯವ್ಯ ಗಡಿಯ ಕಣಿವೆಗಳತ್ತ ಮುಖ ಮಾಡಿಕೊಂಡಿದ್ದ ಭಾರತದ ವಾಯುರಕ್ಷಣಾ ವ್ಯವಸ್ಥೆ ಪೂರ್ವಕ್ಕೂ ದಕ್ಷಿಣಕ್ಕೂ ತಿರುಗಬೇಕಾಗಿ ಬಂದಾಗ, ಭಾರವಾದ ಹೊಸ ವಿಮಾನಗಳು ಮಳೆಗಾಲದಲ್ಲೂ ಇಳಿಯಬಲ್ಲ ಗಟ್ಟಿ ರನ್‌ವೇಗಳು ದೇಶದಲ್ಲಿ ಬೆರಳೆಣಿಕೆಯಷ್ಟೇ ಇವೆ ಎಂಬುದು ಎದ್ದು ಕಂಡಿತು. ಈ ಕೊರತೆಯನ್ನು ನೀಗಲು ಇನ್ನೂರಕ್ಕೂ ಹೆಚ್ಚು ವಿಮಾನ ಕ್ಷೇತ್ರಗಳನ್ನು ನಿರ್ಮಿಸುವ ಬೃಹತ್ ಯೋಜನೆಯನ್ನು ಅದೇ ವರ್ಷ ಕೈಗೆತ್ತಿಕೊಳ್ಳಲಾಯಿತು.

ಸಾಂಬ್ರಾದ ವಿಮಾನ ಕ್ಷೇತ್ರ ಈ ಕಾಲದ ಕೂಸು. ಬಾಂಬಿನ ಭಯವಿದ್ದ ಪೂರ್ವ ಕರಾವಳಿಯಿಂದ ದೂರದಲ್ಲಿ, ಘಟ್ಟದ ಸೆರಗಿನಿಂದ ಒಳಕ್ಕೆ ಸರಿದ ಬಯಲಿನಲ್ಲಿ ಅದು ರೂಪುಗೊಂಡಿತು. ಯುದ್ಧದ ಮುಂಚೂಣಿಯಲ್ಲಿ ಹೋರಾಡುವ ಪಡೆಗಳಿಗೆ ಹಿಂಬದಿಯಲ್ಲಿ ತರಬೇತಿ, ದುರಸ್ತಿ, ವಿಶ್ರಾಂತಿ, ಸರಬರಾಜುಗಳನ್ನು ಒದಗಿಸುವ ನೆಲೆಗಳು ಬೇಕಾಗುತ್ತವೆ. ರಾಯಲ್ ಏರ್ ಫೋರ್ಸ್ ಸಾಂಬ್ರಾವನ್ನು ತರಬೇತಿಯ ನೆಲೆಯಾಗಿ ಬಳಸಿಕೊಂಡಿತು. 1943ರಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ನರ ನೇತೃತ್ವದಲ್ಲಿ ಆಗ್ನೇಯ ಏಷ್ಯಾ ಕಮಾಂಡ್, ಅಂದರೆ ಬರ್ಮಾದಿಂದ ಮಲಯಾದವರೆಗಿನ ರಣರಂಗಕ್ಕೆ ಮಿತ್ರರಾಷ್ಟ್ರಗಳು ರಚಿಸಿಕೊಂಡ ಸಂಯುಕ್ತ ಸೇನಾಡಳಿತ, ಅಸ್ತಿತ್ವಕ್ಕೆ ಬಂದ ಮೇಲೆ ಸಾಂಬ್ರಾದ ಕೆಲಸ ಆ ಕಮಾಂಡಿಗೆ ಬೆಂಬಲವಾಗಿ ಮುಂದುವರಿಯಿತು. ನಕ್ಷೆಯಲ್ಲಿ ನೂರು ಕಿಲೋಮೀಟರ್ ದೂರದಲ್ಲೇ ಇದ್ದ ಗೋವಾ ಆಗ ಯುದ್ಧದಲ್ಲಿ ತಟಸ್ಥವಾಗಿದ್ದ ಪೋರ್ಚುಗಲ್ಲಿಗೆ ಸೇರಿದ್ದರಿಂದ, ಘಟ್ಟದ ಒಂದು ಬದಿಗೆ ಯುದ್ಧದ ಸಿದ್ಧತೆ, ಇನ್ನೊಂದು ಬದಿಗೆ ತಟಸ್ಥ ಬಂದರು ಎಂಬ ವಿಚಿತ್ರ ನೆರೆಹೊರೆ ಆ ವರ್ಷಗಳಲ್ಲಿ ಏರ್ಪಟ್ಟಿತ್ತು.

ಈ ಅಧ್ಯಾಯದಲ್ಲಿ ನೆನೆಯಲೇಬೇಕಾದವರು ಇನ್ನೂ ಇಬ್ಬರಿದ್ದಾರೆ: ನೆಲ ಬಿಟ್ಟುಕೊಟ್ಟ ರೈತ ಮತ್ತು ಕಲ್ಲು ಹೊತ್ತ ಕೂಲಿಕಾರ. ಭಾರತ ರಕ್ಷಣಾ ಕಾಯ್ದೆಯಡಿ ಸೇನೆಗೆ ಬೇಕಾದ ಭೂಮಿಯನ್ನು ತ್ವರಿತವಾಗಿ ವಶಪಡಿಸಿಕೊಳ್ಳುವ ಅಧಿಕಾರ ಅಂದಿನ ಸರ್ಕಾರಕ್ಕಿತ್ತು. ಯುದ್ಧಕಾಲದ ವಿಮಾನ ಕ್ಷೇತ್ರಗಳು ದೇಶದ ಉದ್ದಗಲಕ್ಕೂ ಮೇಲೆದ್ದದ್ದು ಹೀಗೆ ಕೈಬಿಟ್ಟ ಹೊಲಗಳ ಮೇಲೆ, ಯಂತ್ರಗಳಿಗಿಂತ ಹೆಚ್ಚಾಗಿ ಬುಟ್ಟಿ, ಸಲಿಕೆ, ಗುದ್ದಲಿ ಹಿಡಿದ ಗಂಡಸರ ಮತ್ತು ಹೆಂಗಸರ ದುಡಿಮೆಯಿಂದ. ಯುದ್ಧದ ಚರಿತ್ರೆಯಲ್ಲಿ ಸ್ಕ್ವಾಡ್ರನ್ನುಗಳ ಸಂಖ್ಯೆ ಉಳಿಯುತ್ತದೆ, ದುಡಿದವರ ಹೆಸರು ಉಳಿಯುವುದಿಲ್ಲ. ಸಂಸ್ಥೆಯೊಂದರ ಚರಿತ್ರೆ ಬರೆಯುವವರು ಈ ಅಸಮತೋಲನವನ್ನು ಕನಿಷ್ಠ ಗುರುತಿಸಿಯಾದರೂ ಮುಂದೆ ಹೋಗಬೇಕು.

ರನ್‌ವೇ ಹೇಳುವ ಚರಿತ್ರೆ

ವಿಮಾನ ನಿಲ್ದಾಣದ ಟರ್ಮಿನಲ್ ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು. ರನ್‌ವೇಯ ದಿಕ್ಕನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಆದಕಾರಣ ಹಳೆಯ ವಿಮಾನ ಕ್ಷೇತ್ರದ ಅತ್ಯಂತ ನಂಬಿಕಸ್ಥ ದಾಖಲೆಯೆಂದರೆ ಅದರ ರನ್‌ವೇ. ಸಾಂಬ್ರಾದ ರನ್‌ವೇಯ ಎರಡು ತುದಿಗಳಿಗೆ 08 ಮತ್ತು 26 ಎಂಬ ಸಂಖ್ಯೆಗಳಿವೆ. ದಿಕ್ಸೂಚಿಯ ಉತ್ತರದಿಂದ ಅಳೆದ ಡಿಗ್ರಿಯನ್ನು ಹತ್ತರಿಂದ ಭಾಗಿಸಿ, ಹತ್ತಿರದ ಪೂರ್ಣಸಂಖ್ಯೆಯನ್ನು ರನ್‌ವೇಯ ತುದಿಯಲ್ಲಿ ದೊಡ್ಡದಾಗಿ ಬಿಳಿ ಬಣ್ಣದಲ್ಲಿ ಬರೆಯುವುದು ಜಗತ್ತಿನೆಲ್ಲೆಡೆಯ ಪದ್ಧತಿ. ಅದರಂತೆ 08 ಎಂದರೆ ಸುಮಾರು 80 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪೂರ್ವಕ್ಕೆ ಮುಖ ಮಾಡಿ ಹಾರುವ ದಿಕ್ಕು, 26 ಎಂದರೆ ಸುಮಾರು 260 ಡಿಗ್ರಿ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಹಾರುವ ದಿಕ್ಕು. ವಿಮಾನಗಳು ಏರುವಾಗಲೂ ಇಳಿಯುವಾಗಲೂ ಎದುರುಗಾಳಿಯನ್ನು ಬಯಸುತ್ತವೆ, ಏಕೆಂದರೆ ಎದುರುಗಾಳಿ ರೆಕ್ಕೆಗಳಿಗೆ ಹೆಚ್ಚಿನ ಎತ್ತುಬಲ ಕೊಟ್ಟು ಓಟದ ದೂರವನ್ನು ತಗ್ಗಿಸುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುವ ಪಡುವಣ ಗಾಳಿಗೆ ಈ ರನ್‌ವೇ ನೇರವಾಗಿ ಮುಖವೊಡ್ಡಿ ನಿಂತಿದೆ. ಅಂದಿನ ಎಂಜಿನಿಯರುಗಳ ಲೆಕ್ಕ ಎಂಬತ್ತು ವರ್ಷಗಳ ಬಳಿಕವೂ ಹುಸಿಯಾಗಿಲ್ಲ.

ಉದ್ದದ ವಿಷಯದಲ್ಲಿ ಮಾತ್ರ ಹಳೆಯ ಲೆಕ್ಕ ಸಾಲದಾಯಿತು. ವಿಸ್ತರಣೆಗೆ ಮುಂಚೆ ಈ ರನ್‌ವೇ 1,830 ಮೀಟರ್, ಅಂದರೆ ಅಂದಾಜು 6,000 ಅಡಿ ಉದ್ದವಿತ್ತು. ಯುದ್ಧಕಾಲದ ವಿಮಾನಗಳಿಗೂ, ಬಳಿಕ ಬಂದ ಪ್ರೊಪೆಲರ್ ಚಾಲಿತ ಪ್ರಯಾಣಿಕ ವಿಮಾನಗಳಿಗೂ ಇಷ್ಟು ಉದ್ದ ಸಾಕಾಗುತ್ತಿತ್ತು; ನೂರೈವತ್ತಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುವ ಜೆಟ್ ವಿಮಾನಗಳಿಗೆ ಸಾಲುತ್ತಿರಲಿಲ್ಲ. ಬೆಳಗಾವಿಯ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ನೆಲ ಎತ್ತರವಾದಷ್ಟೂ ಗಾಳಿ ತೆಳುವಾಗಿ, ಬೇಸಿಗೆಯ ಬಿಸಿಲಿಗೆ ಇನ್ನಷ್ಟು ತೆಳುವಾಗಿ, ಅದೇ ತೂಕದ ವಿಮಾನ ಕರಾವಳಿಯಲ್ಲಿ ಓಡುವುದಕ್ಕಿಂತ ಹೆಚ್ಚು ದೂರ ಓಡಿಯೇ ನೆಲ ಬಿಡಬೇಕಾಗುತ್ತದೆ. ಇತ್ತೀಚೆಗೆ ನಾಗರಿಕ ವಿಮಾನಯಾನಕ್ಕೆಂದೇ ಹೊಸದಾಗಿ ಕಟ್ಟಿದ ಕಲಬುರಗಿ ಮತ್ತು ಶಿವಮೊಗ್ಗ ನಿಲ್ದಾಣಗಳಲ್ಲಿ ರನ್‌ವೇ ಮೊದಲ ದಿನದಿಂದಲೇ ಮೂರು ಕಿಲೋಮೀಟರಿಗೂ ಮಿಕ್ಕಿದೆ. ಸಾಂಬ್ರಾ ಹಾಗಲ್ಲ, ಯುದ್ಧಕಾಲದ ಅಳತೆಯಿಂದ ಆರಂಭಿಸಿ, ಸುತ್ತ ಊರುಗಳೂ ರಸ್ತೆಯೂ ಸೇನೆಯ ನೆಲವೂ ಬೆಳೆದು ನಿಂತ ಮೇಲೆ, ಅವುಗಳ ನಡುವೆ ಜಾಗ ಹುಡುಕಿಕೊಂಡು ಉದ್ದವಾಗಬೇಕಾಯಿತು.

1961: ಗೋವಾ ವಿಮೋಚನೆ

ಸಾಂಬ್ರಾದ ಹೆಸರನ್ನು ದೇಶದ ಇತಿಹಾಸದಲ್ಲಿ ನಿಲ್ಲಿಸಿದ್ದು 1961ರ ಡಿಸೆಂಬರ್ ತಿಂಗಳು. ಭಾರತ ಸ್ವತಂತ್ರವಾಗಿ ಹದಿನಾಲ್ಕು ವರ್ಷಗಳಾದರೂ ಗೋವಾ, ದಮನ್, ದೀವ್‌ಗಳನ್ನು ಬಿಟ್ಟುಕೊಡಲು ಪೋರ್ಚುಗಲ್ ಒಪ್ಪಿರಲಿಲ್ಲ. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಗಡಿಯ ಸಂಚಾರ ಮುಚ್ಚಿತು; ಕ್ಯಾಸಲ್‌ರಾಕ್ ಮೂಲಕ ಓಡಾಡುತ್ತಿದ್ದ ರೈಲೂ ನಿಂತುಹೋಯಿತು. ನೆಲದ ದಾರಿ ಕಳೆದುಕೊಂಡ ಗೋವಾದ ಆಡಳಿತ ಆಕಾಶದ ದಾರಿಯನ್ನು ಹಿಡಿದು, ದಾಬೋಳಿಯಲ್ಲಿ ವಿಮಾನ ನಿಲ್ದಾಣ ನಿರ್ಮಿಸಿ, ತನ್ನದೇ ವಿಮಾನಯಾನ ಸಂಸ್ಥೆಯೊಂದನ್ನೂ ಸ್ಥಾಪಿಸಿಕೊಂಡಿತು. 1961ರ ನವೆಂಬರ್‌ನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಭಾರತದ ಹಡಗಿನ ಮೇಲೆ ಗುಂಡಿನ ದಾಳಿ ನಡೆದಾಗ, ಮಾತುಕತೆಯ ಬಾಗಿಲು ಮುಚ್ಚಿತೆಂದು ಭಾರತ ಸರ್ಕಾರ ತೀರ್ಮಾನಿಸಿತು. ಕಾರ್ಯಾಚರಣೆಗೆ ವಿಜಯ್ ಎಂಬ ಹೆಸರಿಡಲಾಯಿತು.

ಡಿಸೆಂಬರ್ ಮೊದಲ ವಾರಗಳಲ್ಲಿ ಬೆಳಗಾವಿ ಮತ್ತೊಮ್ಮೆ ಪೂರ್ಣ ಪ್ರಮಾಣದ ದಂಡಿನ ಊರಾಯಿತು. ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿಯವರ ಮೇಲ್ವಿಚಾರಣೆಯಲ್ಲಿ, ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೆಯ ಪದಾತಿ ಡಿವಿಜನ್ ಬೆಳಗಾವಿಯ ಸುತ್ತ ಜಮಾಯಿಸಿತು. ಇದರ ಒಂದು ದಳ ಇಂದಿನ ಉತ್ತರ ಕನ್ನಡ ಜಿಲ್ಲೆಯ ಅನಮೋಡ್ ಘಟ್ಟದ ಮೂಲಕ ಪೂರ್ವದಿಂದಲೂ, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೆಯ ಪ್ಯಾರಾಚೂಟ್ ಬ್ರಿಗೇಡ್ ಉತ್ತರದಿಂದಲೂ ಗೋವಾವನ್ನು ಪ್ರವೇಶಿಸುವ ಯೋಜನೆ ಸಿದ್ಧವಾಯಿತು. ವಾಯು ಕಾರ್ಯಾಚರಣೆಯ ಹೊಣೆ ಏರ್ ವೈಸ್ ಮಾರ್ಷಲ್ ಅರ್ಲಿಕ್ ಪಿಂಟೊ ಅವರದು. ಅವರ ಕೈಯಲ್ಲಿದ್ದ ಬಲ ಮುಖ್ಯವಾಗಿ ಪುಣೆಯ ಲೋಹಗಾಂವ್ ಮತ್ತು ಬೆಳಗಾವಿಯ ಸಾಂಬ್ರಾ ಎಂಬ ಎರಡು ನೆಲೆಗಳಲ್ಲಿ ಹಂಚಿಕೊಂಡಿತ್ತು: ದೂರ ಹಾರಬಲ್ಲ ಕ್ಯಾನ್‌ಬೆರಾ ಬಾಂಬರುಗಳು ಪುಣೆಯಲ್ಲಿ, ಹಂಟರ್ ಫೈಟರುಗಳು ಸಾಂಬ್ರಾದಲ್ಲಿ.

ಡಿಸೆಂಬರ್ 18ರ ಬೆಳಿಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಅವರ ನೇತೃತ್ವದಲ್ಲಿ 12 ಕ್ಯಾನ್‌ಬೆರಾ ವಿಮಾನಗಳು ಪುಣೆಯಿಂದ ಹೊರಟು ದಾಬೋಳಿಯ ರನ್‌ವೇಯ ಮೇಲೆ ಸುಮಾರು 63,000 ಪೌಂಡ್ ಬಾಂಬುಗಳನ್ನು ಸುರಿದವು. ಬಳಿಕ ಎಂಟು ಕ್ಯಾನ್‌ಬೆರಾಗಳ ಇನ್ನೊಂದು ತಂಡ ಅದೇ ಗುರಿಯ ಮೇಲೆ ದಾಳಿ ಮಾಡಿತು. ಈ ದಾಳಿಗಳಿಗೆ ಒಂದು ಕಟ್ಟುನಿಟ್ಟಾದ ಷರತ್ತಿತ್ತು: ರನ್‌ವೇ ಕೆಡಬೇಕು, ಟರ್ಮಿನಲ್ ಮತ್ತಿತರ ಕಟ್ಟಡಗಳು ಉಳಿಯಬೇಕು. ನಾಳೆ ತನ್ನದಾಗಲಿರುವ ನಾಡಿನ ಆಸ್ತಿಯನ್ನು ಹಾಳುಮಾಡಬಾರದೆಂಬ ಈ ವಿವೇಕ ಆ ಕಾರ್ಯಾಚರಣೆಗೆ ವಿಶೇಷ ಘನತೆಯನ್ನು ತಂದಿದೆ.

ಸಾಂಬ್ರಾದ ಪಾಲಿಗೆ ಬಂದದ್ದು ಬಾಂಬೋಳಿಯ ನಿಸ್ತಂತು ಕೇಂದ್ರ. ಲಿಸ್ಬನ್ನಿನೊಂದಿಗೆ ಗೋವಾದ ಆಡಳಿತಕ್ಕಿದ್ದ ಸಂಪರ್ಕವನ್ನು ಕಡಿದರೆ ಪ್ರತಿರೋಧದ ಬೆನ್ನೆಲುಬು ಮುರಿಯುತ್ತದೆ ಎಂಬುದು ಯೋಜನೆಯ ತಿರುಳು. ನಾಲ್ಕು 30 ಮಿಲಿಮೀಟರ್ ಫಿರಂಗಿಗಳನ್ನೂ ರಾಕೆಟ್ಟುಗಳನ್ನೂ ಹೊತ್ತ, ಒಬ್ಬನೇ ಪೈಲಟ್ ನಡೆಸುವ ಹಾಕರ್ ಹಂಟರ್ ಆಗಿನ ಭಾರತೀಯ ವಾಯುಪಡೆಯ ಅತ್ಯಂತ ಸಮರ್ಥ ಜೆಟ್ ವಿಮಾನಗಳಲ್ಲಿ ಒಂದಾಗಿತ್ತು. ಸಾಂಬ್ರಾದಿಂದ ಬಾಂಬೋಳಿಗೆ ನೇರ ದೂರ ನೂರು ಕಿಲೋಮೀಟರಿಗೂ ಕಡಿಮೆಯಿದ್ದುದರಿಂದ ಘಟ್ಟ ದಾಟಿ ಗುರಿ ಮುಟ್ಟಲು ಅದಕ್ಕೆ ಹತ್ತು ನಿಮಿಷವೂ ಬೇಕಿರಲಿಲ್ಲ. ಆರು ಹಂಟರುಗಳು ರಾಕೆಟ್ ಮತ್ತು ಫಿರಂಗಿ ದಾಳಿಯಿಂದ ನಿಸ್ತಂತು ಕೇಂದ್ರವನ್ನು ಮೌನಗೊಳಿಸಿದವು. ಮರುದಿನ, ಡಿಸೆಂಬರ್ 19ರ ಸಂಜೆ, ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. 1510ರಿಂದ ನಡೆದುಬಂದಿದ್ದ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು.

ಒಂದು ಧ್ವನಿ ಅಡಗಿದಾಗ ಇನ್ನೊಂದು ಧ್ವನಿ ಗೋವಾದ ಆಕಾಶವನ್ನು ತುಂಬಿತು ಎಂಬುದನ್ನೂ ಇಲ್ಲಿ ದಾಖಲಿಸುವುದು ಉಚಿತ. 1955ರಿಂದ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬ ಇಬ್ಬರು ಸ್ವಾತಂತ್ರ್ಯ ಹೋರಾಟಗಾರರು ಮೊದಲು ಆಂಬೋಲಿಯ, ಬಳಿಕ ಕ್ಯಾಸಲ್‌ರಾಕಿನ ಕಾಡಿನಲ್ಲಿ ಅಡಗಿ ಕುಳಿತು, ಗೋವಾದ ಜನರಿಗಾಗಿ ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಗುಪ್ತ ಬಾನುಲಿ ನಡೆಸುತ್ತಿದ್ದರು. ಗೋವಾ ಬಿಡುಗಡೆಯಾದಾಗ ಅವರಿಬ್ಬರೂ ಧ್ವನಿವರ್ಧಕ ಜೋಡಿಸಿದ ವಾಯುಪಡೆಯ ವಿಮಾನವೇರಿ ಗೋವಾದ ಮೇಲೆ ಸುತ್ತು ಹಾಕಿ ಆ ಸುದ್ದಿಯನ್ನು ಆಕಾಶದಿಂದಲೇ ಸಾರಿದರು. ಸಾಂಬ್ರಾದ ಹಂಟರುಗಳ ಸಾಹಸವನ್ನು ನೆನೆಯುವಾಗ, ಅದೇ ಘಟ್ಟದ ಕಾಡಿನಲ್ಲಿ ಆರು ವರ್ಷ ಒಂದು ಧ್ವನಿಯನ್ನು ಜೀವಂತವಾಗಿಟ್ಟ ಈ ಇಬ್ಬರನ್ನು ಮರೆಯಲಾಗದು.

ದಾಬೋಳಿ ಮತ್ತು ಸಾಂಬ್ರಾ

ದಾಳಿಗೆ ಗುರಿಯಾದ ದಾಬೋಳಿ ಮತ್ತು ದಾಳಿಗೆ ನೆಲೆಯಾದ ಸಾಂಬ್ರಾ ಎರಡೂ ಮುಂದೆ ನಾಗರಿಕ ನಿಲ್ದಾಣಗಳಾಗಿ ಬೆಳೆದವು. ಆದರೆ ಬೆಳೆದ ಬಗೆ ಬೇರೆ ಬೇರೆ. ದಾಬೋಳಿಯನ್ನು 1962ರಲ್ಲಿ ಭಾರತೀಯ ನೌಕಾಪಡೆ ವಹಿಸಿಕೊಂಡಿತು, 1964ರಲ್ಲಿ ನೌಕಾ ವಾಯುನೆಲೆಯಾದ ಐ.ಎನ್.ಎಸ್. ಹಂಸ ತಮಿಳುನಾಡಿನ ಕೊಯಮತ್ತೂರು ಕಡೆಯಿಂದ ಅಲ್ಲಿಗೆ ಸ್ಥಳಾಂತರಗೊಂಡಿತು. ಅಲ್ಲಿನ ಪ್ರಯಾಣಿಕ ನಿಲ್ದಾಣ ತಾಂತ್ರಿಕವಾಗಿ ಒಂದು ಸಿವಿಲ್ ಎನ್‌ಕ್ಲೇವ್, ಅಂದರೆ ಸೇನೆಯ ಒಡೆತನದ ವಿಮಾನ ಕ್ಷೇತ್ರದೊಳಗೆ ನಾಗರಿಕ ವಿಮಾನಗಳಿಗೆಂದು ಬಿಟ್ಟುಕೊಟ್ಟ ಆವರಣ. ರನ್‌ವೇಯ ಹತೋಟಿಯೂ ವಿಮಾನ ಸಂಚಾರದ ನಿಯಂತ್ರಣವೂ ಸೇನೆಯ ಕೈಯಲ್ಲೇ ಇರುತ್ತವೆ. ಕರ್ನಾಟಕದಲ್ಲಿ 2020ರ ಫೆಬ್ರವರಿಯಲ್ಲಿ ಪ್ರಯಾಣಿಕರಿಗೆ ತೆರೆದ ಬೀದರ್ ನಿಲ್ದಾಣ ಇಂಥದ್ದೇ ವ್ಯವಸ್ಥೆಯಲ್ಲಿ, ವಾಯುಪಡೆಯ ಪೈಲಟ್ ತರಬೇತಿ ಕೇಂದ್ರದ ರನ್‌ವೇಯನ್ನು ಹಂಚಿಕೊಂಡು ನಡೆಯುತ್ತಿದೆ. ಸಾಂಬ್ರಾದಲ್ಲಿ ನಿಲ್ದಾಣವನ್ನು ನಡೆಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ; ವಾಯುಪಡೆಯ ಕೇಂದ್ರ ಅದರ ನೆರೆಯಲ್ಲಿದೆ. ಯುದ್ಧಕ್ಕೆಂದು ಹುಟ್ಟಿದ ಕ್ಷೇತ್ರದಲ್ಲಿ ಹಾರಾಟ ನಾಗರಿಕರ ಪಾಲಿಗೆ ಬಂದು, ಸೇನೆಯ ಪಾಲಿಗೆ ಶಿಕ್ಷಣ ಉಳಿದದ್ದು ಸಾಂಬ್ರಾದ ವೈಶಿಷ್ಟ್ಯ.

ಆ ಶಿಕ್ಷಣದ ಹೆಸರು ಏರ್‌ಮೆನ್ ಟ್ರೈನಿಂಗ್ ಸ್ಕೂಲ್. ವಾಯುಪಡೆಯೆಂದರೆ ಪೈಲಟ್ಟುಗಳಷ್ಟೇ ಅಲ್ಲ. ಎಂಜಿನ್ ಬಿಚ್ಚಿ ಜೋಡಿಸುವವರು, ರಾಡಾರ್ ನೋಡುವವರು, ಶಸ್ತ್ರ ತುಂಬುವವರು, ಉಗ್ರಾಣ ಮತ್ತು ಆಸ್ಪತ್ರೆ ನಡೆಸುವವರು ಹೀಗೆ ನೆಲದ ಮೇಲೆ ನಿಂತು ವಿಮಾನವನ್ನು ಆಕಾಶದಲ್ಲಿ ಇಡುವ ಅಧಿಕಾರಿಯೇತರ ಸಿಬ್ಬಂದಿಯನ್ನು ಏರ್‌ಮನ್ ಎಂದು ಕರೆಯುತ್ತಾರೆ. ದೇಶದ ನಾನಾ ರಾಜ್ಯಗಳಿಂದ ಆಯ್ಕೆಯಾಗಿ ಬರುವ ಹರೆಯದವರು ಕವಾಯತು, ಶಿಸ್ತು, ಶಸ್ತ್ರಬಳಕೆ, ದೈಹಿಕ ಸಾಮರ್ಥ್ಯಗಳ ಮೊದಲ ಪಾಠವನ್ನು ಸಾಂಬ್ರಾದಲ್ಲಿ ಕಲಿತು, ಅನಂತರ ತಮ್ಮ ತಮ್ಮ ತಾಂತ್ರಿಕ ವಿಭಾಗಗಳಿಗೆ ಹೋಗುತ್ತಾರೆ. ಅಗ್ನಿಪಥ ಯೋಜನೆಯಡಿ ವಾಯುಪಡೆಗೆ ಆಯ್ಕೆಯಾದ ಅಗ್ನಿವೀರ್ ವಾಯು ಅಭ್ಯರ್ಥಿಗಳ ಮೊದಲ ತಂಡದ ತರಬೇತಿ 2022ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿಯೇ ಆರಂಭವಾಯಿತು. 2023ರ ಡಿಸೆಂಬರ್‌ನಲ್ಲಿ ಮಹಿಳಾ ಅಗ್ನಿವೀರರ ಮೊದಲ ತಂಡ ಇಲ್ಲಿಂದಲೇ ತರಬೇತಿ ಮುಗಿಸಿ ಹೊರಬಂದಿತು. ವಾಯುಪಡೆಯ ಸಾವಿರಾರು ಯೋಧರ ಸೇವಾಜೀವನದ ಮೊದಲ ಪುಟದಲ್ಲಿ ಸಾಂಬ್ರಾದ ಹೆಸರಿದೆ ಎಂಬುದು ಬೆಳಗಾವಿಗೆ ಹೆಮ್ಮೆಯ ಮಾತು.

ನಾಗರಿಕ ಹಾರಾಟದ ಏಳುಬೀಳು

ನಾಗರಿಕ ವಿಮಾನಯಾನದ ದೃಷ್ಟಿಯಿಂದ ಸಾಂಬ್ರಾದ ಹಾದಿ ಸುಗಮವಾಗಿರಲಿಲ್ಲ. 1995ರ ಏಪ್ರಿಲ್ 1ರಂದು ದೇಶೀಯ ಮತ್ತು ಅಂತರರಾಷ್ಟ್ರೀಯ ನಿಲ್ದಾಣಗಳ ಎರಡು ಪ್ರತ್ಯೇಕ ಸಂಸ್ಥೆಗಳನ್ನು ಒಂದುಗೂಡಿಸಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವನ್ನು ರಚಿಸಿದ ಮೇಲೆ ಸಣ್ಣ ನಿಲ್ದಾಣಗಳ ಆಡಳಿತಕ್ಕೆ ಒಂದು ನೆಲೆ ದೊರೆಯಿತಾದರೂ, ಚಿಕ್ಕ ಟರ್ಮಿನಲ್, ಗಿಡ್ಡ ರನ್‌ವೇ, ಅಲ್ಪ ಸಂಖ್ಯೆಯ ವಿಮಾನಗಳು ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು. ಹೊಸ ಶತಮಾನದಲ್ಲಿ ರಾಜ್ಯ ಸರ್ಕಾರ ನೂರಾರು ಎಕರೆ ಭೂಮಿಯನ್ನು ಒದಗಿಸಿದ ಮೇಲೆ ವಿಸ್ತರಣೆಯ ಕೆಲಸ ಕೈಗೂಡಿತು: ರನ್‌ವೇ 1,830 ಮೀಟರಿನಿಂದ 2,300 ಮೀಟರಿಗೆ ಬೆಳೆಯಿತು; ಸುಮಾರು 3,600 ಚದರ ಮೀಟರ್ ವಿಸ್ತೀರ್ಣದ ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಏರ್‌ಬಸ್ 320 ಮತ್ತು ಬೋಯಿಂಗ್ 737ರಂಥ ವಿಮಾನಗಳು ಬಂದು ಹೋಗಲು ದಾರಿಯಾಯಿತು.

ಆದರೆ ನಿಲ್ದಾಣ ಸಿದ್ಧವಾದ ಮಾತ್ರಕ್ಕೆ ವಿಮಾನಗಳು ಬರುವುದಿಲ್ಲ ಎಂಬ ಪಾಠವನ್ನು ಮರುವರ್ಷವೇ ಬೆಳಗಾವಿ ಕಲಿಯಬೇಕಾಯಿತು. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಸೇವೆ ಒದಗಿಸಲು ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ಉಡಾನ್ ಯೋಜನೆಯಡಿ, ಅರ್ಧದಷ್ಟು ಆಸನಗಳನ್ನು ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿಯಲ್ಲಿ ಮಾರುವ ಸಂಸ್ಥೆಗೆ, ಖರ್ಚಿಗೂ ಗಳಿಕೆಗೂ ನಡುವಿನ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಜೊತೆಗೆ ಆ ಮಾರ್ಗದಲ್ಲಿ ಮೂರು ವರ್ಷ ಏಕೈಕ ಹಕ್ಕೂ ದೊರೆಯುತ್ತದೆ. ಈ ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿ ಸೇರಿತು, ಬೆಳಗಾವಿ ಸೇರಲಿಲ್ಲ. ಪರಿಣಾಮವಾಗಿ 2018ರಲ್ಲಿ ಬೆಳಗಾವಿಯಿಂದ ಹಾರುತ್ತಿದ್ದ ಖಾಸಗಿ ಸೇವೆಗಳು ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿಗೆ ಸ್ಥಳಾಂತರಗೊಂಡು, ಹೊಸ ಟರ್ಮಿನಲ್ ಹೆಚ್ಚುಕಡಿಮೆ ಬರಿದಾಯಿತು. ಊರಿನ ವರ್ತಕರು, ಉದ್ಯಮಿಗಳು, ಜನಪ್ರತಿನಿಧಿಗಳು, ಸಾಮಾನ್ಯ ನಾಗರಿಕರು ಪಕ್ಷ ಮತ್ತು ಭಾಷೆಗಳ ಭೇದವಿಲ್ಲದೆ ಸೇವೆಗಾಗಿ ಒತ್ತಾಯಿಸಿದರು. 2019ರ ಜನವರಿಯಲ್ಲಿ ಪ್ರಕಟವಾದ ಉಡಾನ್‌ನ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗಗಳು ಮಂಜೂರಾದವು. ಕೊಲ್ಹಾಪುರ ಮೂಲದ ಉದ್ಯಮ ಸಮೂಹವೊಂದು ಹುಟ್ಟುಹಾಕಿದ ಸ್ಟಾರ್ ಏರ್, ಐವತ್ತು ಆಸನಗಳ ಎಂಬ್ರೇಯರ್ ಜೆಟ್ಟುಗಳೊಂದಿಗೆ ಬೆಳಗಾವಿಯನ್ನು ತನ್ನ ಮುಖ್ಯ ನೆಲೆಗಳಲ್ಲೊಂದಾಗಿ ಮಾಡಿಕೊಂಡು ಬೆಂಗಳೂರು, ಅಹಮದಾಬಾದ್, ಇಂದೋರ್, ತಿರುಪತಿ, ಸೂರತ್, ನಾಸಿಕ್ ಮೊದಲಾದ ಊರುಗಳಿಗೆ ಸೇವೆ ವಿಸ್ತರಿಸಿತು. ಮುಂದಿನ ವರ್ಷಗಳಲ್ಲಿ ದೆಹಲಿಗೂ ನೇರ ವಿಮಾನ ದೊರೆಯಿತು. ರಾಜಧಾನಿ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು ಅಥವಾ ರೈಲು ಪ್ರಯಾಣ ಅನಿವಾರ್ಯವಾಗಿದ್ದ ಜಿಲ್ಲೆಗೆ ಇದು ಸಣ್ಣ ಬದಲಾವಣೆಯಲ್ಲ.

ಸೀಮೆಯ ದುಡಿಮೆ, ಸೀಮೆಯ ಹೆಸರು

ಬೆಳಗಾವಿ ವಿಮಾನದಲ್ಲಿ ಕುಳಿತು ಹೋಗುವ ಊರಷ್ಟೇ ಆಗಿ ಉಳಿದಿಲ್ಲ. ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಊರೂ ಆಗಿದೆ. ಎರಕದ ಕಾರ್ಖಾನೆಗಳಿಗೆ, ಯಂತ್ರಭಾಗಗಳ ತಯಾರಿಕೆಗೆ ಹೆಸರಾದ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಕುಶಲತೆಯ ಪರಂಪರೆಯಿರುವ ಈ ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿಯ ಬದಿಯ ಹತ್ತರಗಿಯ ಬಳಿ ಎಕ್ವಸ್ ಸಂಸ್ಥೆ ಸ್ಥಾಪಿಸಿದ ವಿಶೇಷ ಆರ್ಥಿಕ ವಲಯದಿಂದ ಏರ್‌ಬಸ್, ಬೋಯಿಂಗ್‌ಗಳಂಥ ವಿಮಾನ ತಯಾರಕರಿಗೆ ನಿಖರ ಅಳತೆಯ ಭಾಗಗಳು ಪೂರೈಕೆಯಾಗುತ್ತಿವೆ. 2021ರಲ್ಲಿ ಪೈಲಟ್ ತರಬೇತಿ ಅಕಾಡೆಮಿಗಳಿಗೆಂದು ಪ್ರಾಧಿಕಾರ ಆಯ್ದ ಐದು ನಿಲ್ದಾಣಗಳಲ್ಲಿ ಕಲಬುರಗಿಯೊಂದಿಗೆ ಬೆಳಗಾವಿಯೂ ಸೇರಿತು. ತರಬೇತಿಗೆಂದು 1942ರಲ್ಲಿ ಹುಟ್ಟಿದ ಕ್ಷೇತ್ರದಲ್ಲಿ ನಾಗರಿಕ ಪೈಲಟ್ಟುಗಳ ತರಬೇತಿಗೂ ಹೀಗೆ ಅವಕಾಶ ಒದಗಿತು.

2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸೇರಿದ್ದ ವಿಧಾನಸಭೆಯು ಈ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರನ್ನೂ, ಹುಬ್ಬಳ್ಳಿ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರನ್ನೂ ಇಡಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡುವ ನಿರ್ಣಯ ಕೈಗೊಂಡಿತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು 1824ರಲ್ಲಿ ಎದುರಿಸಿ ನಿಂತ ಕಿತ್ತೂರು ಇದೇ ಜಿಲ್ಲೆಯಲ್ಲಿದೆ. ಬ್ರಿಟಿಷರು ತಮ್ಮ ಸಾಮ್ರಾಜ್ಯದ ರಕ್ಷಣೆಗಾಗಿ ಕಟ್ಟಿದ ವಿಮಾನ ಕ್ಷೇತ್ರಕ್ಕೆ, ಆ ಸಾಮ್ರಾಜ್ಯದ ವಿರುದ್ಧ ಕತ್ತಿಯೆತ್ತಿದ ರಾಣಿಯ ಹೆಸರನ್ನು ಬಯಸುವುದರಲ್ಲಿ ಈ ನೆಲದ ನ್ಯಾಯಪ್ರಜ್ಞೆಯಿದೆ. 2024ರ ಮಾರ್ಚ್ 10ರಂದು ಪ್ರಧಾನಮಂತ್ರಿಯವರು ಬೆಳಗಾವಿ, ಹುಬ್ಬಳ್ಳಿ, ಕಡಪ ನಿಲ್ದಾಣಗಳ ಹೊಸ ಟರ್ಮಿನಲ್‌ಗಳಿಗೆ ಶಂಕುಸ್ಥಾಪನೆ ನೆರವೇರಿಸಿದರು.

ಉಳಿಸಬೇಕಾದ ದಾಖಲೆ

ಹೊಸ ಕಟ್ಟಡ ಏಳುವ ಕಾಲವೇ ಹಳೆಯ ದಾಖಲೆ ಚದುರುವ ಕಾಲ. ಯುದ್ಧಕಾಲದ ನಕ್ಷೆಗಳು, ಭೂಸ್ವಾಧೀನದ ಕಡತಗಳು, ಹಂಟರುಗಳ ಛಾಯಾಚಿತ್ರಗಳು, ತರಬೇತಿ ಶಾಲೆಯ ತಂಡಗಳ ವಿವರಗಳು ವಾಯುಪಡೆ, ಪ್ರಾಧಿಕಾರ, ಜಿಲ್ಲಾಡಳಿತಗಳ ಬೇರೆ ಬೇರೆ ಕಪಾಟುಗಳಲ್ಲಿ ಹಂಚಿಹೋಗುವ ಸ್ವಭಾವದವು. ಈ ಮೂರೂ ಸಂಸ್ಥೆಗಳು ಕೂಡಿ ಕೆಲಸ ಮಾಡಿದರೆ ಮಾತ್ರ ಅವು ಒಂದೆಡೆ ಸೇರಬಲ್ಲವು. ಹೊಸ ಟರ್ಮಿನಲ್ಲಿನಲ್ಲಿ, ವಿಮಾನಕ್ಕಾಗಿ ಕಾಯುವ ಪ್ರಯಾಣಿಕರ ಕಣ್ಣಿಗೆ ಬೀಳುವ ಒಂದು ಗೋಡೆಯಷ್ಟಾದರೂ ಜಾಗವನ್ನು ಈ ಚರಿತ್ರೆಗೆ ಮೀಸಲಿಡುವುದು ಅಗತ್ಯ. ಆ ಗೋಡೆಯ ಮೇಲೆ 1942ರ ನಕ್ಷೆ, 1961ರ ಹಂಟರ್, ಕ್ಯಾಸಲ್‌ರಾಕಿನ ಗುಪ್ತ ಬಾನುಲಿ, ಏರ್‌ಮನ್‌ಗಳ ಪಥಸಂಚಲನ ಇವೆಲ್ಲವೂ ಇರಬೇಕು. ಅವುಗಳ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಯುದ್ಧಕ್ಕೊಮ್ಮೆ ಮತ್ತು ವಿಸ್ತರಣೆಗೊಮ್ಮೆ ಭೂಮಿ ಕೊಟ್ಟ ಸುತ್ತಲಿನ ಊರುಗಳ ಹೆಸರುಗಳೂ ಕನ್ನಡದಲ್ಲಿ ಇರಬೇಕು. ಸೇನೆ, ನಾಗರಿಕರು, ರೈತರು ಮೂವರೂ ಒಂದೇ ನೆಲದ ಪಾಲುದಾರರೆಂಬ ಸತ್ಯವನ್ನು ಸಾಂಬ್ರಾ ಎಂಟು ದಶಕಗಳಿಂದ ಬಾಳಿ ತೋರಿಸಿದೆ. ಮುಂದಿನ ವಿಸ್ತರಣೆಯ ನಕ್ಷೆ ಬರೆಯುವವರೂ ಈ ಸತ್ಯವನ್ನು ಮುಂದಿಟ್ಟುಕೊಂಡು, ನೆಲ ಕೊಡುವವರ ಮಾತನ್ನು ಮೊದಲು ಕೇಳಿ ಆಮೇಲೆ ಗೆರೆ ಎಳೆದರೆ, 1942ರಲ್ಲಿ ಆಗದೆ ಉಳಿದ ನ್ಯಾಯವನ್ನು ಈ ಕಾಲ ನೆರವೇರಿಸಿದಂತಾಗುತ್ತದೆ.